ರಾಜನ ಪಾರ್ಟು ಯಾರಿಗೆ?

ನವೆಂಬರಿಗೆ ಇನ್ನೂ ಆರು ವಾರ ಇರುವಾಗಲೇ ನಮ್ಮ ಬಡಾವಣೆಯ ಕನ್ನಡ ಸಂಘಕ್ಕೆ ಜ್ವರ ಬರುತ್ತದೆ. ರಾಜ್ಯೋತ್ಸವ ನವೆಂಬರ್ 1ಕ್ಕೆ ಅಂತ ಕ್ಯಾಲೆಂಡರ್ ಹೇಳಿದರೂ ಬೆಂಗಳೂರಿನಲ್ಲಿ ಅದು ತಿಂಗಳಿಡೀ ನಡೆಯುವ ಹಬ್ಬ. ಶಾಮಿಯಾನ ಯಾವತ್ತು ಸಿಗುತ್ತದೋ ಅವತ್ತೇ ನಮ್ಮ ರಾಜ್ಯೋತ್ಸವ. ಈ ಸಲ ನಾಟಕ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು.

"ಕ್ರೂರಿ ರಾಜ, ಜನರ ದಂಗೆ, ಸ್ವಲ್ಪ ಮಾಯಾ ಮಂತ್ರ. 40 ನಿಮಿಷ. ಮುಗೀತು," ಅಂದ ಸೀನ. ಅವನು ಸಂಘದ ಕಾರ್ಯದರ್ಶಿ. ಯಾವ ಕೆಲಸವನ್ನೂ ಶುರು ಮಾಡುವ ಮೊದಲೇ ಮುಗಿಸಿಬಿಡುತ್ತಾನೆ.

ಭಾನುವಾರ ಬೆಳಿಗ್ಗೆ ಬಸವನಗುಡಿಯ ಕಹಳೆ ಬಂಡೆ ಪಾರ್ಕಿನಲ್ಲಿ ನಾಲ್ವರು ಸೇರಿದೆವು. ನಾನು, ಸೀನ, ಪದ್ಮ, ಮಾಗಡಿ ಕಡೆಯ ನಾಗ. ನಡುವೆ ಬೇಯಿಸಿದ ಕಡಲೆಕಾಯಿಯ ಪೊಟ್ಟಣ.

ನನ್ನ ಕಥೆ ಹೇಳಿದೆ. ಒಂದಾನೊಂದು ಊರು. ಅಲ್ಲಿನ ರಾಜನಿಗೆ ದುಡ್ಡು ಸಾಲದು. ಮನೆ, ಹೊಲ, ಎತ್ತು, ಎಲ್ಲದರ ಮೇಲೂ ಸುಂಕ ಹಾಕಿ ಆಗಿದೆ. ಉಳಿದದ್ದು ನೆರಳು ಮಾತ್ರ. ಯಾರ ನೆರಳು ಎಷ್ಟು ಉದ್ದವೋ ಅಷ್ಟು ಸುಂಕ. ಬೀದಿಬೀದಿಗೆ ಅಳತೆಗೋಲು ಹಿಡಿದ ಭಟರು.

"ಹಾಗಾದ್ರೆ ಬೆಳಿಗ್ಗೆ, ಸಾಯಂಕಾಲ ರೇಟು ಜಾಸ್ತಿ," ಅಂದಳು ಪದ್ಮ. ಅವಳು ಲೆಕ್ಕಪತ್ರದ ಕೆಲಸದವಳು.

"ಅದಕ್ಕೇ ಊರಿನವರೆಲ್ಲ ಸರಿಯಾಗಿ ಮಧ್ಯಾಹ್ನ 12 ಗಂಟೆಗೆ ಮಾತ್ರ ಹೊರಗೆ ಬರ್ತಾರೆ."

"ಒಂದೇ ಹೊತ್ತಿಗೆ ಊರೆಲ್ಲ ಬೀದಿಗೆ ಬಂದ್ರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕು ಆಗುತ್ತಲ್ಲೋ," ಅಂದ ನಾಗ. "ಇದರಲ್ಲಿ ಮಾಯಾ ಮಂತ್ರ ಎಲ್ಲಿದೆ?"

ಸೀನ ಅಡ್ಡ ಬಾಯಿ ಹಾಕಿದ. "ಅದೆಲ್ಲ ಆಮೇಲೆ. ರಾಜನ ಪಾರ್ಟು ನಂದು."

"ಯಾಕೆ? ನಂದು," ಅಂದ ನಾಗ.

"ಯಾಕ್ರೋ, ರಾಣಿ ರಾಜ್ಯ ಆಳಬಾರದಾ?" ಅಂದಳು ಪದ್ಮ. "ಪ್ರತಿ ವರ್ಷ ನನಗೆ ಆರತಿ ತಟ್ಟೆ ಕೊಟ್ಟು ಬಾಗಿಲಲ್ಲಿ ನಿಲ್ಲಿಸ್ತೀರಿ. ಈ ಸಲ ಸುಂಕ ನಾನು ಹಾಕ್ತೀನಿ."

ದಂಗೆ ಏಳುವವರ ಪಾರ್ಟು ಯಾರೂ ಕೇಳಲಿಲ್ಲ. ನನಗೇನೂ ಆಶ್ಚರ್ಯವಾಗಲಿಲ್ಲ. ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡಿದವರಿಗೆ ಇದು ಗೊತ್ತು. ಅಲ್ಲಿ ಪಾತ್ರ ಮಾಡುವವರೇ ದುಡ್ಡು ಕೊಟ್ಟು ಪಾರ್ಟು ತಗೋಬೇಕು. ಕೃಷ್ಣನದು, ದುರ್ಯೋಧನನದು ದುಬಾರಿ. ಧರ್ಮರಾಯ ಅಗ್ಗಕ್ಕೆ ಸಿಗುತ್ತಾನೆ. ಒಳ್ಳೆಯವನಾಗಲು ಯಾರಿಗೂ ಅಷ್ಟು ಆತುರ ಇರುವುದಿಲ್ಲ.

ನಾಗನ ಸೋದರಮಾವ ಎರಡು ಕುರಿ ಮಾರಿ ದುರ್ಯೋಧನ ಆಗಿದ್ದರಂತೆ. ಬೆಳಗಿನ ಜಾವ ಗದಾಯುದ್ಧದ ಸೀನು. ಭೀಮ ತೊಡೆಗೆ ಬಾರಿಸಿದ. ಮಾವ ಬೀಳಲಿಲ್ಲ. ಮತ್ತೆ ಬಾರಿಸಿದ. ಊಹೂಂ. ಹಾರ್ಮೋನಿಯಂ ಮೇಷ್ಟ್ರು ಪೆಡಲ್ ತುಳಿಯುತ್ತಲೇ "ಬಿದ್ದುಬಿಡಪ್ಪಾ, ಬೆಳಗಾಯ್ತು" ಅಂತ ಗೋಗರೆದರು. ಮಾವ ಮೈಕಿನಲ್ಲೇ ಹೇಳಿದರು: "ಅವನು ಕೊಟ್ಟಿರೋದು ನನ್ನ ಅರ್ಧ. ಅರ್ಧ ದುಡ್ಡಿಗೆ ನಾನು ಪೂರ್ತಿ ಬೀಳಲ್ಲ!"

"ಆಮೇಲೆ?"

"ನಮ್ಮತ್ತೆ ಮುಂದಿನ ಸಾಲಿನಿಂದ ಎದ್ದು ನಿಂತ್ರು. ಮಾವ ಬಿದ್ರು. ಜನ ವನ್ಸ್ ಮೋರ್ ಅಂದ್ರು. ಎದ್ದು ಇನ್ನೊಂದ್ಸಲ ಬಿದ್ರು."

ಅತ್ತೆಯ ಪಾರ್ಟಿಗೆ ಯಾರೂ ರೇಟು ಕಟ್ಟಿರಲಿಲ್ಲ ಅನ್ನುವುದನ್ನು ಗಮನಿಸಬೇಕು.

ರಾಜನನ್ನು ಬೀಳಿಸುವುದು ಹೇಗೆ ಅನ್ನುವ ಚರ್ಚೆ ಶುರುವಾಯಿತು. ನಾನು ಮಹಾಭಾರತದ ಶಾಂತಿಪರ್ವದ ವೇನ ರಾಜನನ್ನು ತಂದೆ. ವೇನನ ಕಾಟ ತಡೆಯಲಾರದೆ ಋಷಿಗಳು ಮಂತ್ರಿಸಿದ ದರ್ಭೆಯಿಂದ ಅವನನ್ನು ಕೊಂದರು. ಬರೀ ಹುಲ್ಲಿನಿಂದ! ಆಮೇಲೆ ಅವನ ಬಲಗೈ ಕಡೆದು ಪೃಥುವನ್ನು ಹೊರತೆಗೆದರು. ಭೂಮಿಗೆ ಪೃಥ್ವಿ ಅನ್ನುವ ಹೆಸರು ಬಂದದ್ದು ಅವನಿಂದಲೇ.

"ಬೇಡಪ್ಪ," ಅಂದ ಸೀನ. "ನಾನು ಬಾಡಿಗೆ ಕಿರೀಟ, ಮೀಸೆ, ಕತ್ತಿ ಎಲ್ಲ ತಂದು ಹುಲ್ಲಲ್ಲಿ ಸಾಯಲಾ?"

"ಹಿರಣ್ಯಕಶಿಪು ಥರ ವರ ಕೊಡಿಸೋಣ," ಅಂದ ನಾಗ. "ಹಗಲೂ ಅಲ್ಲ, ರಾತ್ರಿನೂ ಅಲ್ಲ, ಒಳಗೂ ಅಲ್ಲ, ಹೊರಗೂ ಅಲ್ಲ."

"ನಮ್ಮ ಮನೆ ಬಾಡಿಗೆ ಕರಾರು ಇದ್ದ ಹಾಗಿದೆ," ಅಂದಳು ಪದ್ಮ. "ದಬ್ಬಾಳಿಕೆನೂ 11 ತಿಂಗಳಿಗೆ ಬರೆಸ್ಕೊಳ್ಳೋಣ. ಆಮೇಲೆ ಶೇಕಡಾ 10 ಏರಿಸಿ ಮುಂದುವರಿಸಬಹುದು."

ನಾಗ ಎದುರಿನ ದೊಡ್ಡ ಬಸವನ ಗುಡಿ ಕಡೆ ಕೈ ತೋರಿಸಿದ. "ನಿಜವಾದ ದಂಗೆ ನಡೆದದ್ದು ಇಲ್ಲೇ ಅಲ್ವಾ?" ಕಥೆ ಎಲ್ಲರಿಗೂ ಗೊತ್ತಿರುವುದೇ. ಬಸವನಗುಡಿ ಆಗ ಸುಂಕೇನಹಳ್ಳಿ. ಅಲ್ಲಿನ ರೈತರ ಕಡಲೆಕಾಯಿ ಹೊಲಕ್ಕೆ ಒಂದು ಬಸವ ನುಗ್ಗಿ ಮೇಯುತ್ತಿತ್ತಂತೆ. ರೈತರು ರೇಗಿ ಬಾರಿಸಿದರು. ಬಸವ ಕಲ್ಲಾಯಿತು. ಕಲ್ಲಾದ ಮೇಲೂ ಬೆಳೆಯುತ್ತಲೇ ಹೋಯಿತು. ನೆತ್ತಿಗೆ ತ್ರಿಶೂಲ ಇಟ್ಟ ಮೇಲೆ ನಿಂತಿತು. ಈಗಲೂ ಸುಮಾರು 15 ಅಡಿ ಎತ್ತರ ಕೂತಿದೆ.

"ದಂಗೆಯಿಂದ ಬಂದ ಲಾಭ ಏನು ನೋಡು," ಅಂದ ನಾಗ. "ಮೊದಲು ಕದ್ದು ತಿಂತಿತ್ತು. ಈಗ ಪ್ರತಿ ಕಾರ್ತೀಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆ ಮಾಡಿ ನಾವೇ ತಂದು ಕೊಡ್ತೀವಿ. ಊರ ಹೆಸರಲ್ಲೇ ಸುಂಕ ಇದೆಯಲ್ಲೋ!"

ಅವನ ಭಾಷಾಶಾಸ್ತ್ರಕ್ಕೆ ನಾನು ಜವಾಬ್ದಾರನಲ್ಲ.

ಪದ್ಮ ಸ್ವಲ್ಪ ಹೊತ್ತು ಸಿಪ್ಪೆ ಬಿಡಿಸುತ್ತಾ ಕೂತಳು. ಅವಳದು ಶಿಕಾರಿಪುರದ ಕಡೆ. "ನಮ್ಮ ಈಸೂರಿನವರು 1942ರಲ್ಲಿ ಊರನ್ನೇ ಸ್ವತಂತ್ರ ಅಂತ ಸಾರಿದ್ರು," ಅಂದಳು. "ಏಸೂರು ಕೊಟ್ಟರೂ ಈಸೂರು ಕೊಡೆವು ಅಂತ ಪಣ. ಚಿಕ್ಕ ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಮಾಡಿ ಕೂರಿಸಿದ್ರು. ಯಾವ ಮಾಯಾ ಕಥೆಗೆ ಕಮ್ಮಿ ಅದು?"

"ಇದನ್ನೇ ಆಡೋಣ!" ಸೀನ ನೆಟ್ಟಗೆ ಕೂತ. "ಕೊನೆ ಹೇಗೆ?"

"ಗಲಾಟೆಯಲ್ಲಿ ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಸತ್ತರು. ಮುಂದಿನ ವರ್ಷ ಊರಿನ ಐದು ಜನರನ್ನ ಗಲ್ಲಿಗೇರಿಸಿದ್ರು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾಗ ಕೈಯಲ್ಲಿದ್ದ ಕಡಲೆಕಾಯಿಯನ್ನು ವಾಪಸ್ಸು ಪೊಟ್ಟಣಕ್ಕೆ ಹಾಕಿದ.

"ನಿನ್ನ ನೆರಳಿನ ಕಥೆನೇ ಹೇಳು," ಅಂದ ಸೀನ, ಮೆತ್ತಗೆ.

ಹೇಳಿದೆ. ಆ ಊರಿನಲ್ಲಿ ಸೊಪ್ಪು ಮಾರುವ ಒಬ್ಬ ಅಜ್ಜಿ. ಬುಟ್ಟಿ ತಲೆ ಮೇಲೆ ಇರುವುದರಿಂದ ಅವಳ ನೆರಳು ಉಳಿದವರಿಗಿಂತ ಉದ್ದ, ಸುಂಕವೂ ಜಾಸ್ತಿ. ಒಂದು ದಿನ ಅವಳು ಉಪಾಯ ಕಂಡುಹಿಡಿಯುತ್ತಾಳೆ. ಎಲ್ಲರೂ ಒತ್ತೊತ್ತಾಗಿ ನಡೆದರೆ ನೆರಳು ಒಂದೇ ಆಗುತ್ತದೆ! ಯಾರ ಕೈ ಎಲ್ಲಿ ಮುಗಿಯಿತು, ಯಾರ ತಲೆ ಎಲ್ಲಿ ಶುರುವಾಯಿತು ಅಂತ ಭಟರಿಗೆ ಗೊತ್ತಾಗದು. ಊರಿಗೆ ಊರೇ ಒಂದು ನೆರಳಾಗಿ ಅರಮನೆಗೆ ಹೋಗುತ್ತದೆ. ಇಳಿಹೊತ್ತು. ಮಾಳಿಗೆ ಮೇಲೆ ರಾಜ ನಿಂತಿದ್ದಾನೆ, ಕಿರೀಟ ಸಮೇತ. ಅವನ ನೆರಳು ಇಡೀ ಬಯಲನ್ನು ಮುಚ್ಚಿದೆ. ಅಜ್ಜಿ ಭಟನ ಕೈಯಿಂದ ಅಳತೆಗೋಲು ಕಿತ್ತುಕೊಂಡು ಅಳೆಯಲು ಶುರು ಮಾಡುತ್ತಾಳೆ.

"ಆಮೇಲೆ?"

"ರಾಜ ಸುಂಕ ಕಟ್ಟಬೇಕು. ಖಜಾನೆ ಸಾಲದು."

"ತನ್ನ ಖಜಾನೆಯಿಂದ ತನ್ನ ಖಜಾನೆಗೇ ತಾನೆ?" ಅಂದಳು ಪದ್ಮ. "ಬರೀ ಎಂಟ್ರಿ."

"ರಸೀದಿ ತಗೊಂಡು ರಾಜ ಒಳಗೆ ಹೋಗೋ ಕ್ಲೈಮ್ಯಾಕ್ಸ್ ಯಾರು ನೋಡ್ತಾರೋ?" ಅಂದ ನಾಗ. "ನಮ್ಮ ಮಾವ ಆಗಿದ್ರೆ ಅರ್ಧ ಕಟ್ತೀನಿ ಅಂತಿದ್ರು."

"ಬಿಡ್ರೋ, ನಾಟಕ ಮುಖ್ಯ ಅಲ್ಲ, ವಿಷಯ ಮುಖ್ಯ," ಅಂತ ಸೀನ ಎದ್ದು ನಿಂತು ಎದೆ ತಟ್ಟಿಕೊಂಡ. "ಯಾವನೋ ಒಬ್ಬ ಹೇಳಿದ ಅಂತ ಕುರಿ ಥರ ತಲೆ ಬಗ್ಗಿಸಬಾರದು. ಇದನ್ನ ಜನಕ್ಕೆ..."

ಪೀ... ಅಂತ ಸೀಟಿ ಕೇಳಿಸಿತು. ಕಹಳೆ ಬಂಡೆಯ ಮೇಲೆ ಈಗ ಕಹಳೆ ಇಲ್ಲ, ಪಾರ್ಕಿನ ಕಾವಲುಗಾರನ ಸೀಟಿ ಇದೆ. ಅವನು ಬಾಯಿ ಬಿಟ್ಟು ಒಂದು ಮಾತೂ ಹೇಳಲಿಲ್ಲ, ಗೇಟಿನ ಕಡೆ ಕೈ ತೋರಿಸಿದ ಅಷ್ಟೇ. ಪದ್ಮ ಸಿಪ್ಪೆ ಬಾಚಿದಳು. ನಾನು ಚಪ್ಪಲಿ ಹುಡುಕಿದೆ. ತಲೆ ಎತ್ತಿ ನೋಡುವಾಗ ಸೀನ ಆಗಲೇ ಗೇಟಿನ ಅರ್ಧ ದಾರಿ ತಲುಪಿದ್ದ.

ನಾಗ ಅವನ ಬೆನ್ನಿಗೆ ಅಂಟಿಕೊಂಡೇ ನಡೆಯುತ್ತಿದ್ದ.

"ಏನೋ ಅದು, ದೂರ ಸರಿಯೋ!"

"ಇನ್ನೂ ಬೆಳಗಿನ ಹತ್ತು ಗಂಟೆಯ ಬಿಸಿಲು ಗುರು. ಸುಂಕ ಉಳಿಸ್ತಿದ್ದೀನಿ."