ಕ್ಷುದ್ರಗ್ರಹದಿಂದ ಚಿನ್ನ, ಪ್ಲಾಟಿನಂ ತಂದರೆ ಗಿಟ್ಟೀತೇ?

ಪ್ರಶ್ನೆ: ಬದಿಯಡ್ಕದ ಕೃಷಿಕ

ನಮಸ್ಕಾರ. ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುತ್ತುವ ‘ಸೈಕಿ’ ಎಂಬ ಕ್ಷುದ್ರಗ್ರಹದಲ್ಲಿರುವ ಲೋಹಕ್ಕೆ ಇಡೀ ಜಗತ್ತಿನ ಸಂಪತ್ತನ್ನು ಮೀರಿಸುವ ಬೆಲೆಯಿದೆಯೆಂದು ಪ್ಲಸ್ ಟು ಓದುವ ಮಗಳು ಹೇಳಿದಳು. ನಾನು ಅವಳಿಗೆಂದು ವರ್ಷಕ್ಕೊಂದು ಪವನು (ಎಂಟು ಗ್ರಾಂ) ಚಿನ್ನ ಕೂಡಿಡುತ್ತಿರುವುದು ದಂಡವೆಂಬುದು ಅವಳ ವಾದ. ಅಡಕೆಯ ಆವಕ ಹೆಚ್ಚಿದಾಗ ಧಾರಣೆ ಕುಸಿಯುವುದನ್ನು ಕಂಡಿರುವ ನನಗೆ ಈ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ ಅನ್ನಿಸುತ್ತದೆ. ತಿಳಿದವರು ವಿವರಿಸಬೇಕು.

ಉತ್ತರ: ಪೆರ್ಲದ ಮಾಷ್ಟ್ರು

ನಿಮ್ಮ ಅನುಮಾನ ಸರಿಯಾಗಿದೆ. ಸೈಕಿಯ ಆ ಬೆಲೆಯು ಮುಖ್ಯವಾಗಿ ಅಲ್ಲಿರಬಹುದಾದ ಕಬ್ಬಿಣಕ್ಕೆ ಭೂಮಿಯ ಮಾರುಕಟ್ಟೆ ದರ ಕಟ್ಟಿ ಹೇಳಿದ್ದು. ಅಷ್ಟು ಕಬ್ಬಿಣವನ್ನು ಕೊಳ್ಳುವವರೂ ಇಲ್ಲ, ತರುವ ದಾರಿಯೂ ಇಲ್ಲ. 2023ರ ಅಕ್ಟೋಬರಿನಲ್ಲಿ ಹೊರಟ ನಾಸಾ ನೌಕೆ ಅದನ್ನು ಸುತ್ತಿ ನೋಡಲಿದೆಯೇ ಹೊರತು ಒಂದು ಚೂರನ್ನೂ ತರುವುದಿಲ್ಲ. ನಿಜವಾಗಿ ತಂದದ್ದರ ಲೆಕ್ಕ ಬೇಕಿದ್ದರೆ ನಾಸಾದ್ದೇ ಆದ ಒಸೈರಿಸ್-ರೆಕ್ಸ್ ಯೋಜನೆಯನ್ನು ನೋಡಿ: ನೂರು ಕೋಟಿ ಡಾಲರಿಗೂ ಮೀರಿದ ಖರ್ಚು, 2016ರಿಂದ 2023ರವರೆಗೆ ಏಳು ವರ್ಷದ ಹೋಗಿಬರುವಿಕೆ, ಕೊನೆಗೆ ಬೆನ್ನು ಎಂಬ ಕ್ಷುದ್ರಗ್ರಹದಿಂದ ಕೈಸೇರಿದ್ದು 121.6 ಗ್ರಾಂ ಕಲ್ಲುಪುಡಿ. ಗ್ರಾಮಿಗೆ 80 ಲಕ್ಷ ಡಾಲರಿಗೂ ಹೆಚ್ಚಾಯಿತು. ಅದು ವಿಜ್ಞಾನಕ್ಕಾಗಿ ಮಾಡಿದ ಕೆಲಸ, ಗಣಿಗಾರಿಕೆಯಲ್ಲ ಎಂಬುದನ್ನೂ ಹೇಳಬೇಕು.

ಇನ್ನು ಬಡ್ಡಿ. 100 ಕೋಟಿ ರೂಪಾಯಿಯನ್ನು ಶೇಕಡಾ 10ರ ಚಕ್ರಬಡ್ಡಿಗೆ ತಂದು, ಮೊದಲ ಲೋಹ ಮಾರಾಟವಾಗುವ ಹೊತ್ತಿಗೆ 14 ವರ್ಷ ಕಳೆದರೆ, ತೀರಿಸಬೇಕಾದದ್ದು ಸುಮಾರು 380 ಕೋಟಿ. ಕ್ಷುದ್ರಗ್ರಹಗಳಲ್ಲಿ ಗಣಿಗಾರಿಕೆ ಮಾಡುತ್ತೇವೆಂದು 2012ರಲ್ಲಿ ಭಾರೀ ಸದ್ದಿನೊಂದಿಗೆ ಮುಂದೆ ಬಂದ ಪ್ಲಾನೆಟರಿ ರಿಸೋರ್ಸಸ್ ಕಂಪೆನಿಯು 2018ರಲ್ಲಿ ಬ್ಲಾಕ್‌ಚೈನ್ ಎಂಬ ಕಂಪ್ಯೂಟರ್ ಲೆಕ್ಕಪತ್ರ ತಂತ್ರದ ಒಂದು ಸಂಸ್ಥೆಯ ಪಾಲಾಯಿತು.

ಉತ್ತರ: ಕುಪ್ಪಂ ಕಡೆಯವನು

ನಮಗೆ ಹತ್ತಿರದ ಕೋಲಾರದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದ್ದು ಚಿನ್ನ ಬರಿದಾಗಿ ಅಲ್ಲ. ಮೊದಮೊದಲು ಟನ್ನು ಅದಿರಿಗೆ 40 ಗ್ರಾಮಿಗೂ ಮೇಲೆ ಸಿಗುತ್ತಿದ್ದ ಚಿನ್ನ ಕೊನೆಕೊನೆಗೆ ಕೆಲವೇ ಗ್ರಾಮಿಗೆ ಇಳಿದಿತ್ತು. ಮೂರು ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫ್ ಎಂಬ ಗಣಿಯಿಂದ ಅದನ್ನು ಎತ್ತಿ, ಪುಡಿಮಾಡಿ, ಸಯನೈಡಿನಲ್ಲಿ ಕರಗಿಸುವ ಖರ್ಚು ಮಾರಾಟದ ಹಣವನ್ನು ಮೀರಿತು. ಹಾಗೆ ಉಳಿದ ಪುಡಿ ಸುರಿದ ಬೂದು ಬಣ್ಣದ ಸಯನೈಡ್ ದಿಬ್ಬಗಳಲ್ಲಿ ಇಂದಿಗೂ ಚಿನ್ನದ ಅಂಶವಿದೆ, ಗಾಳಿ ಬೀಸಿದಾಗ ಅದೂ ಪುಡಿಯೊಂದಿಗೆ ಹಾರುತ್ತದೆ. ರಸ್ತೆ, ವಿದ್ಯುತ್ತು, ಕೂಲಿಯಾಳು ಎಲ್ಲವೂ ಇದ್ದ ಕಡೆಯೇ ಹೀಗೆ.

ಧಾರಣೆಯ ವಿಷಯದಲ್ಲಿ ಪ್ಲಾಟಿನಂ ಇನ್ನೂ ನಾಜೂಕು. ಪ್ರಪಂಚದ ಗಣಿಗಳೆಲ್ಲ ಸೇರಿ ವರ್ಷಕ್ಕೆ ತೆಗೆಯುವುದು ಇನ್ನೂರು ಟನ್ನಿನೊಳಗೆ. ಇನ್ನೊಂದು ನೂರು ಟನ್ನು ಮೇಲಿನಿಂದ ಬಂದಿಳಿದರೆ ಇಳಿಸಿದವನೇ ಮೊದಲು ಮುಳುಗುತ್ತಾನೆ. ಅದರ ಜಾತಿಯದೇ ಆದ ಪಲ್ಲಾಡಿಯಂ 2022ರ ಮಾರ್ಚಿನಲ್ಲಿ ಔನ್ಸಿಗೆ 3,000 ಡಾಲರ್ ದಾಟಿ, ಎರಡೇ ವರ್ಷದಲ್ಲಿ ಸಾವಿರದ ಆಸುಪಾಸಿಗೆ ಬಂತು. ಅದಕ್ಕೆ ಕ್ಷುದ್ರಗ್ರಹವೇನೂ ಬೇಕಾಗಲಿಲ್ಲ.

ಉತ್ತರ: ಎಣ್ಮಕಜೆಯ ಸುರಂಗದ ಮನೆ

ಮಾಷ್ಟ್ರು ಹೇಳಿದ್ದನ್ನು ಒಪ್ಪಿಯೇ ಒಂದು ಮಾತು ಸೇರಿಸುತ್ತೇನೆ. ನಮ್ಮ ಅಜ್ಜ ಅಳತೆಯ ಕೋಲಿಗಿಷ್ಟು ಎಂದು ಕೂಲಿ ಗೊತ್ತುಮಾಡಿ ಗುಡ್ಡದಲ್ಲಿ ತೋಡಿಸಿದ ಸುರಂಗದ ನೀರು ಪಂಪಿಲ್ಲದೆ ತೋಟಕ್ಕೆ ಇಳಿಯುತ್ತದೆ. ಅದೇ ನೀರನ್ನು ಲಾರಿಯಲ್ಲಿ ಮಂಗಳೂರಿಗೆ ಒಯ್ದು ಮಾರಿದರೆ ಡೀಸೆಲ್ಲಿನ ದುಡ್ಡೂ ಹುಟ್ಟದು. ಬಾಹ್ಯಾಕಾಶದಲ್ಲಿಯೂ ಲೆಕ್ಕಕ್ಕೆ ಹತ್ತಿರವಾಗುವ ಸರಕು ಪ್ಲಾಟಿನಂ ಅಲ್ಲ, ನೀರು. ಕೆಲವು ಕ್ಷುದ್ರಗ್ರಹಗಳ ಖನಿಜಗಳಲ್ಲಿ ಸೇರಿಕೊಂಡಿರುವ ನೀರನ್ನು ಹೊರತೆಗೆದು ಜಲಜನಕ, ಆಮ್ಲಜನಕಗಳಾಗಿ ಒಡೆದರೆ ಅಲ್ಲಿಯೇ ರಾಕೆಟ್ಟಿಗೆ ಇಂಧನ ಸಿಗುತ್ತದೆ, ಭೂಮಿಯಿಂದ ಹೊತ್ತೊಯ್ಯುವ ಖರ್ಚು ಉಳಿಯುತ್ತದೆ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಯಾವ ದೇಶವೂ ಆಕಾಶಕಾಯಗಳನ್ನು ತನ್ನದೆನ್ನುವಂತಿಲ್ಲ. ಆದರೆ ತೆಗೆದ ಸರಕು ತೆಗೆದವರದು ಎಂದು ಅಮೆರಿಕ 2015ರಲ್ಲಿ, ಲಕ್ಸೆಂಬರ್ಗ್ 2017ರಲ್ಲಿ ಕಾನೂನು ಮಾಡಿವೆ.

ಬದಿಯಡ್ಕದ ಕೃಷಿಕ

ಎಲ್ಲರಿಗೂ ಉಪಕಾರವಾಯಿತು. ಮಗಳಿಗೆ ಓದಿ ಹೇಳಿದೆ. ಅಲ್ಲಿ ಆ ನೀರನ್ನು ಕೊಳ್ಳುವವರು ಯಾರಿದ್ದಾರೆ ಎಂದು ಕೇಳುತ್ತಿದ್ದಾಳೆ.

ಎಣ್ಮಕಜೆಯ ಸುರಂಗದ ಮನೆ

ಸದ್ಯಕ್ಕೆ ಯಾರೂ ಇಲ್ಲ ಅಣ್ಣ. ಪವನು ಕೊಳ್ಳುವುದನ್ನು ನಿಲ್ಲಿಸಬೇಡಿ.