ಏನೂ ಹಾಕದ ವೆಲ್‌ಗಳೂ ಹಸಿರು ಹೊಳೆಯುತ್ತಿವೆ, ಡಿಸಿಎಫ್‌ಡಿಎ ಸರಿ ಇಲ್ವಾ ನಾನೇ ಸರಿ ಇಲ್ವಾ?

ಸೆಲ್_ಸಂಕಟ:
ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷ. ಹೀಲಾ ಕೋಶಗಳಿಗೆ (ಲ್ಯಾಬ್‌ನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶ) ಅರಿಶಿನದ ಎಕ್ಸ್‌ಟ್ರಾಕ್ಟ್ ಹಾಕಿ, ಒಳಗೆ ಆರ್‌ಓಎಸ್ (ಪೆರಾಕ್ಸೈಡ್, ಸೂಪರ್‌ಆಕ್ಸೈಡ್ ಥರದ ಚುರುಕು ಆಮ್ಲಜನಕದ ಅಣುಗಳು) ಏರುತ್ತದಾ ಅಂತ ನೋಡಬೇಕು. ಗೈಡ್ "ಡಿಸಿಎಫ್‌ಡಿಎ ಹಾಕಿ ಒಂದು ಗ್ರಾಫ್ ತಗೊಂಡು ಬಾ" ಅಂದರು, ಅಷ್ಟೇ. ಆಕ್ಸಿಡೈಸ್ ಆದರೆ ಹಸಿರು ಹೊಳೆಯುವ ಡೈ ಅದು. ಡೈ 10 ಮೈಕ್ರೋಮೋಲಾರ್, 37 ಡಿಗ್ರಿಯಲ್ಲಿ 30 ನಿಮಿಷ, ಮಾಮೂಲಿ ಮೀಡಿಯಾದಲ್ಲೇ. ಆಮೇಲೆ ಪ್ಲೇಟ್ ಎತ್ತಿಕೊಂಡು ಕೆಳಗಿನ ಮಹಡಿಯ ರೀಡರ್‌ಗೆ ಹೋಗಿ 485 ನ್ಯಾನೋಮೀಟರ್ ಬೆಳಕು ಕೊಟ್ಟು 530ರಲ್ಲಿ ಹೊಳಪು ಓದುತ್ತೇನೆ. ಡೈ ಬಿಟ್ಟು ಬೇರೇನೂ ಹಾಕದ ವೆಲ್‌ಗಳೇ (ಪ್ಲೇಟ್‌ನ ಗುಳಿಗಳು) ಹೊಳೆಯುತ್ತಿವೆ. ಏರಲೇಬೇಕು ಅಂತ 100 ಮೈಕ್ರೋಮೋಲಾರ್ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದ ವೆಲ್ ಅದರ ಒಂದೂವರೆ ಪಟ್ಟು ಕೂಡ ಇಲ್ಲ. ಎಕ್ಸ್‌ಟ್ರಾಕ್ಟ್ ಹಾಕಿದ್ದು ಮಾತ್ರ ಐದು ಪಟ್ಟು! ಮೂರು ಸಲ ಮಾಡಿದೆ, ಮೂರು ಸಲವೂ ಬೇರೆ ಬೇರೆ ಅಂಕಿ. ಎಲ್ಲಿ ಎಡವುತ್ತಿದ್ದೇನೆ?

ಹಳೇ_ಪಿಪೆಟ್:
ಪ್ಲೇಟನ್ನು ಮಹಡಿ ಇಳಿಸುವಾಗ ಫಾಯಿಲ್ ಸುತ್ತಿದ್ದಿರಾ? ಟ್ಯೂಬ್‌ಲೈಟ್ ಬೆಳಕೇ ಸಾಕು ಈ ಡೈ ತಾನಾಗಿ ಆಕ್ಸಿಡೈಸ್ ಆಗೋಕೆ. ಇನ್ನೊಂದು, ಮಾಮೂಲಿ ಮೀಡಿಯಾ ಅಂದರೆ ಸೀರಮ್ (ಪ್ರಾಣಿ ರಕ್ತದಿಂದ ತೆಗೆದ ದ್ರವ) ಇದ್ದದ್ದು ಅಲ್ವಾ? ಈ ಡೈ ಕೋಶದ ಒಳಗೆ ಹೋದ ಮೇಲೆ ಎಸ್ಟರೇಸ್ ಎಂಬ ಕಿಣ್ವ ಅದರ ಎರಡು ಅಸಿಟೇಟ್ ಬಾಲ ಕತ್ತರಿಸಬೇಕು. ಆಗ ಅದು ಹೊರಗೆ ಬರಲಾರದೆ ಒಳಗೇ ಉಳಿಯುತ್ತದೆ ಅನ್ನೋದು ಲೆಕ್ಕ. ಸೀರಮ್‌ನಲ್ಲೂ ಎಸ್ಟರೇಸ್ ಇದೆ, ಹಾಗಾಗಿ ಆ ಕತ್ತರಿಸುವ ಕೆಲಸ ಹೊರಗೇ ಶುರುವಾಗಿಬಿಡುತ್ತದೆ. ಮೀಡಿಯಾದ ಕೆಂಪು ಬಣ್ಣ ಫೀನಾಲ್ ರೆಡ್ ಬೇರೆ ಬ್ಯಾಕ್‌ಗ್ರೌಂಡ್ ಏರಿಸುತ್ತದೆ. ಡೈ ಹಾಕುವಾಗ ಬರೀ ಎಚ್‌ಬಿಎಸ್‌ಎಸ್‌ನಲ್ಲಿ (ಉಪ್ಪಿನ ಬಫರ್) ಹಾಕಿ, ಎರಡು ಸಲ ತೊಳೆಯಿರಿ, ಆಮೇಲೆ ಓದಿ.

ಡೈಯ ಸ್ಟಾಕ್ ದ್ರಾವಣ ಯಾವಾಗ ಮಾಡಿದ್ದು? ಡಿಎಂಎಸ್‌ಓ ದ್ರಾವಕದಲ್ಲಿ ಕರಗಿಸಿ ಒಂದೇ ವಯಲ್ಲನ್ನು ಮತ್ತೆ ಮತ್ತೆ ಫ್ರೀಜರ್‌ನಿಂದ ಹೊರಗೆ ತೆಗೆಯುವವರನ್ನು ನಾನು ತುಂಬಾ ನೋಡಿದ್ದೇನೆ (ನಾನೂ ಅವರಲ್ಲೊಬ್ಬ). ಕೋಶವೇ ಇಲ್ಲದ ಬಫರ್‌ಗೆ ಒಂದಿಷ್ಟು ಹಾಕಿ ನೀಲಿ ಬೆಳಕಲ್ಲಿ ಹಿಡಿದು ನೋಡಿ. ಆಗಲೇ ಹಸಿರು ಕಂಡರೆ ಆ ವಯಲ್ ಡಸ್ಟ್‌ಬಿನ್‌ಗೆ.

ಬೋರಾನ್_ಭಟ್ಟ:
ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಮೂಲದಲ್ಲೇ ಒಂದು ಗೊಂದಲ ಇದೆ. ಡಿಸಿಎಫ್‌ಡಿಎ ಪೆರಾಕ್ಸೈಡ್ ಮೀಟರ್ ಅಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಒಂದೇ ಇದ್ದರೆ ಈ ಡೈ ಜೊತೆ ಹೆಚ್ಚುಕಡಿಮೆ ಏನೂ ಮಾಡಲ್ಲ, ಮಧ್ಯೆ ಕಬ್ಬಿಣವೋ ಪೆರಾಕ್ಸಿಡೇಸ್ ಕಿಣ್ವವೋ ಸೈಟೋಕ್ರೋಮ್ ಸಿ ಪ್ರೋಟೀನೋ ಬೇಕು. ಅಂದರೆ ಪೆರಾಕ್ಸೈಡ್ ಅಷ್ಟೇ ಇದ್ದು ಕಬ್ಬಿಣ ಜಾಸ್ತಿ ಆದರೂ ಹಸಿರು ಏರುತ್ತದೆ. ಸಾಲದ್ದಕ್ಕೆ ಡೈ ಆಕ್ಸಿಡೈಸ್ ಆಗುವಾಗ ನಡುವೆ ಬರುವ ರಾಡಿಕಲ್ ಆಮ್ಲಜನಕದ ಜೊತೆ ಸೇರಿ ಸೂಪರ್‌ಆಕ್ಸೈಡ್ ಹುಟ್ಟಿಸುತ್ತದೆ, ಅಂದರೆ ನೀವು ಅಳೆಯಲು ಹೊರಟದ್ದನ್ನು ಡೈ ತಾನೇ ತಯಾರಿಸುತ್ತಿದೆ. 2022ರಲ್ಲಿ ನೇಚರ್ ಮೆಟಬಾಲಿಸಂನಲ್ಲಿ ಈ ಕ್ಷೇತ್ರದವರು ಒಟ್ಟಾಗಿ ಮಾರ್ಗಸೂಚಿ ಬರೆದಿದ್ದಾರೆ, ಪ್ರಿಂಟ್ ತೆಗೆದು ಗೈಡ್ ಟೇಬಲ್ ಮೇಲೆ ಇಡಿ.

ಪೆರಾಕ್ಸೈಡೇ ಬೇಕು ಅಂದರೆ ಬೋರೊನೇಟ್ ಪ್ರೋಬ್‌ಗಳಿವೆ (ಪೆರಾಕ್ಸೈಡ್ ತಗುಲಿದರೆ ಹೊಳೆಯುವ, ಬೋರಾನ್ ಇರುವ ಡೈಗಳು), ಆಗ ಬರ್ಕ್ಲಿಯಲ್ಲಿದ್ದ ಕ್ರಿಸ್ಟೊಫರ್ ಚಾಂಗ್ ತಂಡ 2004ರಲ್ಲಿ ತಂದ ಪೆರಾಕ್ಸಿಫ್ಲೋರ್-1 ಥರದವು. ಆದರೆ ಬೋರೊನೇಟ್ ಪೆರಾಕ್ಸಿನೈಟ್ರೈಟ್ (ಕೋಶದಲ್ಲೇ ಹುಟ್ಟುವ ಇನ್ನೊಂದು ಚುರುಕು ಅಣು) ಜೊತೆ ಪೆರಾಕ್ಸೈಡಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಬೇಗ ಪ್ರತಿಕ್ರಿಯಿಸುತ್ತದೆ, ಅದನ್ನೂ ಕಂಟ್ರೋಲ್ ಮಾಡಬೇಕು. ನಾನಾಗಿದ್ದರೆ ಹೈಪರ್ ಹಿಡಿಯುತ್ತಿದ್ದೆ, ಅದು ಕೋಶವೇ ತಯಾರಿಸುವ ಪ್ರೋಟೀನ್ ಪ್ರೋಬ್. ಇ. ಕೋಲೈ ಬ್ಯಾಕ್ಟೀರಿಯಾದ, ಪೆರಾಕ್ಸೈಡ್ ಗುರುತಿಸುವ ಆಕ್ಸಿಆರ್ ಪ್ರೋಟೀನಿಗೆ ಹಳದಿ ಫ್ಲೋರೆಸೆಂಟ್ ಪ್ರೋಟೀನ್ ಸೇರಿಸಿ 2006ರಲ್ಲಿ ಮಾಡಿದ್ದು. 420 ಮತ್ತು 500ರಲ್ಲಿ ಎರಡು ಸಲ ಓದಿ ಅನುಪಾತ ತೆಗೆಯುತ್ತೀರಿ, ಕೋಶದಲ್ಲಿ ಪ್ರೋಬ್ ಹೆಚ್ಚಿದ್ದರೂ ಕಮ್ಮಿ ಇದ್ದರೂ ಲೆಕ್ಕ ಕೆಡಲ್ಲ. ಪಿಎಚ್ ಬದಲಾದರೆ ಮಾತ್ರ ಕೆಡುತ್ತದೆ. ಅದಕ್ಕೇ ಪೆರಾಕ್ಸೈಡ್ ಗೊತ್ತಾಗದ ಅದರ ತಮ್ಮ ಸಿಫರ್ ಅನ್ನೂ ಪಕ್ಕದಲ್ಲಿ ಓಡಿಸಬೇಕು.

ಮೈಕ್ರೋ_ಮಂಗಳ:
ಎಲ್ಲರೂ ಡೈ ಬಗ್ಗೆ ಮಾತಾಡ್ತಿದ್ದೀರಿ, ಯಾರೂ ಅರಿಶಿನ ನೋಡಲಿಲ್ವಾ? ಅದರ ಹಳದಿ ಅಂಶ ಕರ್ಕ್ಯುಮಿನ್ ತಾನೇ ಹಸಿರು ಹೊಳೆಯುತ್ತದೆ ಮಾರಾಯ್ರೆ. ಡೈ ಹಾಕದೆ, ಬರೀ ಕೋಶ ಮತ್ತು ಎಕ್ಸ್‌ಟ್ರಾಕ್ಟ್ ಇಟ್ಟು ಒಮ್ಮೆ ಓದಿ.

ಸೆಲ್_ಸಂಕಟ:
ಎರಡೂ ಮಾಡಿದೆ. ಸ್ಟಾಕ್ ಕಳೆದ ವರ್ಷದ್ದು, ಲ್ಯಾಬ್ ಬಿಟ್ಟು ಹೋದ ಸೀನಿಯರ್ ಮಾಡಿದ್ದು. ಬಫರ್‌ಗೆ ಒಂದು ಮೈಕ್ರೋಲೀಟರ್ ಹಾಕಿ ನೀಲಿ ದೀಪದ ಎದುರು ಹಿಡಿದರೆ ಟ್ಯೂಬ್ ಟ್ರಾಫಿಕ್ ಸಿಗ್ನಲ್ ಥರ ಹಸಿರು. ಇನ್ನು ಡೈ ಹಾಕದ ಅರಿಶಿನದ ವೆಲ್: ನನ್ನ ಐದು ಪಟ್ಟಿನಲ್ಲಿ ಮುಕ್ಕಾಲು ಭಾಗ ಅದೇ. ಗೈಡ್‌ಗೆ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹೋದ ಬ್ಯಾಚ್‌ನವರ ಗ್ರಾಫ್‌ನಲ್ಲೂ ಈ ಕಂಟ್ರೋಲ್ ಇರಲಿಲ್ಲ ಅಲ್ವಾ" ಅಂದರು. ಈಗ ಹೈಪರ್ ತರಿಸೋಣ ಅಂತಿದ್ದಾರೆ.

ಬೋರಾನ್_ಭಟ್ಟ:
ಮಂಗಳಾ ಮೇಡಂ, ನಮಸ್ಕಾರ ನಿಮಗೆ, ನಾನು ಅಷ್ಟುದ್ದ ಬರೆದು ಮುಖ್ಯದ್ದೇ ಬಿಟ್ಟೆ. ಸಂಕಟ ಅವರೇ, ಹೈಪರ್ ಈಗಲೇ ಆರ್ಡರ್ ಮಾಡಬೇಡಿ. ಕರ್ಕ್ಯುಮಿನ್ ಬೆಳಕು ಹೀರೋದು ಸುಮಾರು 425ರಲ್ಲಿ, ಹೈಪರ್ ಓದೋದು 420ರಲ್ಲಿ, ಅನುಪಾತ ಪೂರಾ ಹಾಳಾಗುತ್ತದೆ. ಹೈಪರ್‌ನ ಕೆಂಪು ರೂಪ ಹೈಪರ್‌ರೆಡ್ ನೋಡಿ, 575ರಲ್ಲಿ ಬೆಳಕು ಕೊಟ್ಟು 605ರ ಹತ್ತಿರ ಓದುವುದು. ಅದರಲ್ಲಿ ಅನುಪಾತ ಸಿಗಲ್ಲ, ಪಿಎಚ್ ಕಾಟ ಅಲ್ಲೂ ಇದೆ. ಆದರೂ ಅರಿಶಿನದ ಹೊಳಪು ಅಲ್ಲಿವರೆಗೆ ಅಷ್ಟಾಗಿ ಬರಲ್ಲ.