ಪೆಂಡಲ್ ಬೆಟ್ಟವೋ ಗುಡ್ಡವೋ? ಒಂದೇ ಅರ್ಥ ಮೂರು ಸಲ ಕೂಡಿದ ಹೆಸರಿಗೆ ಏನೆನ್ನಬೇಕು?

ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿರುವ ಪೆಂಡಲ್ ಹಿಲ್ ಕುರಿತು ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದು, ಅದರ ಹೆಸರನ್ನು ಕನ್ನಡದಲ್ಲಿ ಬರೆಯುವಾಗಲೇ ಎರಡು ಸಂದೇಹಗಳು ಎದುರಾಗಿವೆ. ಬಲ್ಲವರು ಬಗೆಹರಿಸಬೇಕೆಂದು ಕೋರುತ್ತೇನೆ.

ಮೊದಲನೆಯದು ಹೆಸರಿನ ರಚನೆಯದು. ‘ಪೆನ್’ ಎಂಬುದು ಆ ಸೀಮೆಗೆ ಇಂಗ್ಲಿಷ್ ಬರುವ ಮೊದಲು ಅಲ್ಲಿದ್ದ, ವೆಲ್ಷ್ ಭಾಷೆಯ ಹತ್ತಿರದ ನಂಟಿನ ಕಂಬ್ರಿಕ್ ನುಡಿಯ ಪದ. ತಲೆ, ಬೆಟ್ಟದ ನೆತ್ತಿ, ಬೆಟ್ಟ ಎಂದು ಅದರ ಅರ್ಥ. ಬಳಿಕ ನೆಲೆಸಿದ ಹಳೆಯ ಇಂಗ್ಲಿಷಿನ ಜನ ಅದನ್ನು ಬರಿಯ ಹೆಸರೆಂದೇ ತಿಳಿದು ತಮ್ಮ ‘ಹಿಲ್’ ಅನ್ನು ಸೇರಿಸಿದರು. 13ನೇ ಶತಮಾನದಲ್ಲಿ ಅದು ಪೆನ್ನುಲ್, ಪೆನ್‌ಹುಲ್ ಎಂದಿತ್ತು. ಅದು ಸವೆದು ಪೆಂಡಲ್ ಆದಾಗ ಆ ‘ಹಿಲ್’ನ ಅರ್ಥವೂ ಮಾಸಿಹೋಗಿ, ಮತ್ತೊಂದು ‘ಹಿಲ್’ ಬಂದು ಕೂತಿತು. ನಾನು ‘ಪೆಂಡಲ್ ಹಿಲ್ ಬೆಟ್ಟ’ ಎಂದು ಬರೆದರೆ ಅದು ನಾಲ್ಕನೆಯ ಬೆಟ್ಟವಾಗುತ್ತದೆ.

ಇಂತಹ ಕೂಡಿಕೆಯನ್ನು ಪುನರುಕ್ತಿ ಎನ್ನಲು ನನಗೆ ಮನಸ್ಸಿಲ್ಲ. ಪುನರುಕ್ತಿ ದೋಷವಾಗುವುದು ಹೇಳಿದವನೇ ಹೇಳಿದ್ದನ್ನು ಮತ್ತೆ ಹೇಳಿದಾಗ. ಇಲ್ಲಿ ಯಾವ ತಲೆಮಾರಿನವರೂ ಒಂದೇ ಮಾತನ್ನು ಎರಡು ಸಲ ಆಡಿಲ್ಲ. ‘ಬಿಸಿಬಿಸಿ’, ‘ಓಡಿ ಓಡಿ’ ಎಂಬಂತೆ ಒತ್ತಿಗಾಗಿ ಬರುವ ದ್ವಿರುಕ್ತಿಯೂ ಇದಲ್ಲ. ಬೇರೆ ಬೇರೆ ನುಡಿಗಳ ಪದಗಳು ಬೆರೆತಿರುವುದರಿಂದ ಅರಿಸಮಾಸವನ್ನು ನೆನಪಿಸುತ್ತದೆಯಾದರೂ, ಅರ್ಥ ಒಂದೇ ಎಂಬ ಮುಖ್ಯ ಲಕ್ಷಣವನ್ನು ಆ ಹೆಸರು ಹಿಡಿಯುವುದಿಲ್ಲ. ನಮ್ಮ ‘ಗೇಟುಬಾಗಿಲು’, ‘ನಡುಮಧ್ಯ’ಗಳು ಇದಕ್ಕೆ ಹತ್ತಿರದವು. ‘ಬಿಳಿಗಿರಿರಂಗನ ಬೆಟ್ಟ’ವನ್ನು ಕೆಲವರು ಉದಾಹರಣೆಯಾಗಿ ಕೊಡಬಹುದು, ಆದರೆ ಅಲ್ಲಿ ‘ಗಿರಿ’ ರಂಗನ ಹೆಸರಿಗೆ ಸೇರಿದ್ದು, ಆದ್ದರಿಂದ ಅದು ನೇರವಾಗಿ ಹೊಂದುವುದಿಲ್ಲ. ಆಡುಮಾತಿನ ‘ಮುಳ್ಳಯ್ಯನಗಿರಿ ಬೆಟ್ಟ’ ಹೊಂದುತ್ತದೆ.

ಎರಡನೆಯ ಸಂದೇಹ ಬೆಟ್ಟ, ಗುಡ್ಡಗಳದು. ಮೈಸೂರು ಸೀಮೆಯವರಿಗೆ ಗುಡ್ಡವೆಂದರೆ ಬೆಟ್ಟಕ್ಕಿಂತ ಚಿಕ್ಕದು. ಆದರೆ ಸವದತ್ತಿಯ ಯಲ್ಲಮ್ಮನ ಗುಡ್ಡವನ್ನು ಬಲ್ಲವರಿಗೆ ಆ ಪದದಲ್ಲಿ ಕಿರಿತನ ಕಾಣದು, ಶಿರಸಿಯ ಕಡೆಯ ಅಡಿಕೆ ಬೆಳೆಗಾರರಿಗಂತೂ ಬೆಟ್ಟವೆಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಪೆಂಡಲ್‌ನ ಎತ್ತರ 557 ಮೀಟರ್, ಅಂದರೆ ಇಂಗ್ಲೆಂಡಿನಲ್ಲಿ ಪರ್ವತವೆನಿಸಿಕೊಳ್ಳಲು ರೂಢಿಯಲ್ಲಿರುವ 2,000 ಅಡಿಯ (ಸುಮಾರು 610 ಮೀಟರ್) ಗಡಿಗಿಂತ ಕಡಿಮೆ. ಮರಗಳಿಲ್ಲದ, ಜೌಗುಮಣ್ಣು ಹೊದ್ದ ಚಪ್ಪಟೆ ನೆತ್ತಿಯನ್ನಷ್ಟೇ ನೋಡಿದರೆ ಗುಡ್ಡವೆನ್ನಬಹುದು. ಆದರೆ ಉತ್ತರ ಇಂಗ್ಲೆಂಡಿನ ಪೆನ್ನೈನ್ ಬೆಟ್ಟಸಾಲಿನಿಂದ ಬೇರ್ಪಟ್ಟು ಒಂಟಿಯಾಗಿ ನಿಂತಿರುವ ಅದು, ಸುತ್ತಲಿನ ಬಯಲಿನವರ ಬದುಕಿನಲ್ಲಿ ಬೆಟ್ಟದಷ್ಟೇ ದೊಡ್ಡದು. ಪೆಂಡಲ್ ಕಂಡರೆ ಮಳೆ ಬರಲಿದೆ, ಕಾಣದಿದ್ದರೆ ಮಳೆ ಬಂದೇ ಬಿಟ್ಟಿದೆ ಎಂಬುದು ಅಲ್ಲಿನವರ ಮಾತು. ಸೈತಾನನು ಅದರ ಮೇಲೆ ನಿಂತು ಕಲ್ಲೆಸೆದುದರಿಂದಲೇ ಹತ್ತಿರದ ಕ್ಲಿದರೋ ಪಟ್ಟಣದ ಕೋಟೆಯ ಗೋಡೆಯಲ್ಲಿ ಕಂಡಿ ಬಿದ್ದಿತೆಂದು ಕಥೆಯಿದೆ. 1612ರಲ್ಲಿ ಅದರ ತಪ್ಪಲಿನ ಹಳ್ಳಿಗಳ ಬಡ ಜನರನ್ನು ಮಾಟದ ಆರೋಪದ ಮೇಲೆ ಲ್ಯಾಂಕಸ್ಟರಿನಲ್ಲಿ ವಿಚಾರಿಸಿ ಗಲ್ಲಿಗೇರಿಸಿದರು. ಅವರಲ್ಲಿ ಹೆಂಗಸರೇ ಹೆಚ್ಚು. ಇಂದು ಆ ಬೆಟ್ಟದ ಹೆಸರೆತ್ತಿದರೆ ಮೊದಲು ನೆನಪಾಗುವುದು ಅವರೇ, ಹಾಗಾಗಿ ಅವರನ್ನು ನನ್ನ ಲೇಖನದಲ್ಲಿ ‘ಮಾಟಗಾತಿಯರು’ ಎನ್ನದೆ ‘ಮಾಟದ ಆರೋಪ ಹೊತ್ತವರು’ ಎಂದೇ ಬರೆಯುತ್ತಿದ್ದೇನೆ. ಕ್ವೇಕರ್ ಎಂಬ ಕ್ರೈಸ್ತ ಪಂಥವನ್ನು ಕಟ್ಟಿದ ಜಾರ್ಜ್ ಫಾಕ್ಸ್ 1652ರಲ್ಲಿ ಅದನ್ನು ಹತ್ತಿ ದರ್ಶನ ಪಡೆದವನು. ಅದು ಬಹಳ ಕಡಿದಾಗಿದ್ದು ಹತ್ತಲು ಪ್ರಯಾಸವಾಯಿತೆಂದು ಅವನೇ ಹೇಳಿಕೊಂಡಿದ್ದಾನೆ. 1661ರಲ್ಲಿ ವಿಜ್ಞಾನದ ಪ್ರಯೋಗಗಳಲ್ಲಿ ತೊಡಗಿದ್ದ ರಿಚರ್ಡ್ ಟೌನ್ಲಿ ಮತ್ತು ಹೆನ್ರಿ ಪವರ್ ಪಾದರಸದ ಕೊಳವೆಯೊಂದಿಗೆ ಅಲ್ಲಿಗೆ ಹೋಗಿದ್ದೂ ಅದರ ಎತ್ತರಕ್ಕಾಗಿಯೇ, ಮೇಲೇರಿದಂತೆ ಗಾಳಿಯ ಒತ್ತಡ ಹೇಗೆ ಕುಗ್ಗುತ್ತದೆಂದು ಅಳೆಯುವುದಕ್ಕೆ.

ಇವನ್ನೆಲ್ಲ ಕಂಡು ನಾನು ‘ಪೆಂಡಲ್ ಬೆಟ್ಟ’ದ ಕಡೆಗೇ ವಾಲಿದ್ದೇನೆ. ಒಂದರ ಅರ್ಥ ಮರೆತು ಇನ್ನೊಂದನ್ನು ಹೊದಿಸಿದ ಇಂತಹ ಹೆಸರಿಗೆ ‘ಪದರುಹೆಸರು’ ಎಂಬ ಪದವನ್ನು ಸದ್ಯಕ್ಕೆ ಬಳಸಿದ್ದೇನೆ. ಸ್ಥಳನಾಮಗಳ ಅಧ್ಯಯನದಲ್ಲಿ ಇದಕ್ಕೆ ಮೊದಲೇ ನೆಲೆನಿಂತ ಕನ್ನಡ ಪದವಿದ್ದರೆ ತಿಳಿಸಿರಿ, ಅದನ್ನೇ ಬಳಸುತ್ತೇನೆ.